ಬಿಸಿಲೂ ಇದೆ, ವಿದ್ಯುತ್ತೂ ಇದೆ, ಬಿಸಿನೀರು ಮಾತ್ರ ಇಲ್ಲ: ಸೋಲಾರ್ ವಾಟರ್ ಹೀಟರಿನ ದೋಷವನ್ನು ಪತ್ತೆಹಚ್ಚುವ ಕ್ರಮ

ಬೆಂಗಳೂರು, ಮೈಸೂರು, ತುಮಕೂರು, ಹುಬ್ಬಳ್ಳಿಯಂಥ ಊರುಗಳ ತಾರಸಿಗಳ ಮೇಲಿರುವ ಸೋಲಾರ್ ವಾಟರ್ ಹೀಟರುಗಳಲ್ಲಿ ಅನೇಕವು ಎರಡು ಶಾಖಮೂಲಗಳನ್ನು ನೆಚ್ಚಿಕೊಂಡಿರುತ್ತವೆ. ಬಿಸಿಲಿರುವಾಗ ಪ್ಯಾನೆಲುಗಳು ನೀರು ಕಾಯಿಸುತ್ತವೆ. ಮೋಡ ಕವಿದಾಗ ಅದೇ ಟ್ಯಾಂಕಿನೊಳಗೆ ಕೂಡಿಸಿರುವ ವಿದ್ಯುತ್ ಕಾಯಿಲ್, ಅಂದರೆ ಎಲ್ಲರೂ ಬ್ಯಾಕಪ್ ಎಂದು ಕರೆಯುವ ಭಾಗ, ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಮನೆಯ ಎಲ್ಲ ಬಚ್ಚಲುಗಳಿಗೂ ಅಡುಗೆಮನೆಗೂ ಒಂದೇ ಟ್ಯಾಂಕಿನಿಂದ ಬಿಸಿನೀರು ಇಳಿದುಬರುವ ಈ ಏರ್ಪಾಡು ಸರಿಯಾಗಿರುವಾಗ ಬಹಳ ಅನುಕೂಲಕರವಾದುದು. ಕೆಟ್ಟಾಗ ಮಾತ್ರ ದೋಷ ಎಲ್ಲಿದೆಯೆಂದು ಹೇಳುವುದು ಕಷ್ಟವಾಗುತ್ತದೆ, ಏಕೆಂದರೆ ಒಂದು ಮೂಲ ಸೋತಾಗ ಇನ್ನೊಂದು ಅದರ ಪಾಲನ್ನೂ ಹೊತ್ತುಕೊಂಡು ಆ ಸೋಲನ್ನು ಮರೆಮಾಡುತ್ತದೆ. ಮಳೆಗಾಲದಲ್ಲಿ ಹಾಕಿದ ಬ್ಯಾಕಪ್ ಸ್ವಿಚ್ಚನ್ನು ಆರಿಸದೆ ಬಿಟ್ಟರೆ, ಪ್ಯಾನೆಲಿನ ಗಾಜು ಒಡೆದಿದ್ದರೂ ನಲ್ಲಿಯಲ್ಲಿ ಬಿಸಿನೀರು ಬರುತ್ತಲೇ ಇರುತ್ತದೆ, ಮತ್ತು ಕೆಡುಕು ಮೊದಲು ಗೋಚರಿಸುವುದು ವಿದ್ಯುತ್ ಬಿಲ್ಲಿನಲ್ಲಿ. ಹಾಗೆಯೇ ಬೇಸಿಗೆಯುದ್ದಕ್ಕೂ ಬಿಸಿಲು ಚೆನ್ನಾಗಿದ್ದರೆ, ಕಾಯಿಲ್ ಸುಟ್ಟುಹೋಗಿರುವ ಸಂಗತಿ ಜೂನ್ ತಿಂಗಳ ಮೊದಲ ಮುಸುಕಿನ ಬೆಳಗಿನವರೆಗೆ ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಇಲ್ಲಿ ವಿವರಿಸುವ ಕ್ರಮವೆಲ್ಲ ಒಂದು ನಿಯಮದ ಮೇಲೆ ನಿಂತಿದೆ. ಎರಡು ಮೂಲಗಳನ್ನು ಮೊದಲು ಬೇರ್ಪಡಿಸಬೇಕು, ಒಂದೊಂದನ್ನೂ ಒಂಟಿಯಾಗಿ ದುಡಿಸಿ ನೋಡಬೇಕು, ಎರಡೂ ಸರಿಯಾಗಿವೆಯೆಂದು ಖಚಿತವಾದ ಮೇಲೆ ಮಾತ್ರ ಪೈಪುಗಳನ್ನು ಅನುಮಾನಿಸಬೇಕು. ಹೀಗೆ ಮಾಡದೆ ಮೆಕ್ಯಾನಿಕನ್ನು ಕರೆದರೆ, ಪ್ಲಂಬರ್ ಬಂದವರು ಕಾಯಿಲ್ ನೋಡಿಸಿ ಎನ್ನುತ್ತಾರೆ, ಎಲೆಕ್ಟ್ರಿಷಿಯನ್ ಬಂದವರು ಪೈಪ್ ನೋಡಿಸಿ ಎನ್ನುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ತಮ್ಮ ಭಾಗದಲ್ಲಿ ದೋಷವಿದೆಯೆಂದು ತೋರಿಸುವ ಒಂದು ಅಂಕಿಯನ್ನೂ ನಾವು ಅವರಿಗೆ ಕೊಟ್ಟಿರುವುದಿಲ್ಲ.

ಮೊದಲು ಲೆಕ್ಕ

ದೋಷ ಹುಡುಕುವುದಕ್ಕೆ ಮುಂಚೆ, ದೋಷವೆಂಬುದು ಇದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು, ಮತ್ತು ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು 860 ಕಿಲೋಕ್ಯಾಲೊರಿ ಶಾಖ ದೊರೆಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಓವರ್‌ಹೆಡ್ ಟ್ಯಾಂಕಿನ ತಣ್ಣೀರು 20 ಡಿಗ್ರಿ ಇದೆಯೆಂದು ಇಟ್ಟುಕೊಳ್ಳೋಣ. 100 ಲೀಟರ್ ನೀರನ್ನು 20ರಿಂದ 55 ಡಿಗ್ರಿಗೆ ಏರಿಸಲು 3,500 ಕಿಲೋಕ್ಯಾಲೊರಿ, ಅಂದರೆ ಸುಮಾರು 4 ಯೂನಿಟ್ ಬೇಕಾಗುತ್ತದೆ. 2 ಕಿಲೋವ್ಯಾಟಿನ ಕಾಯಿಲ್ ಅದಕ್ಕೆ ಎರಡು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. 200 ಲೀಟರಿನ ಟ್ಯಾಂಕಾದರೆ ನಾಲ್ಕು ಗಂಟೆ. ಅರ್ಧ ಗಂಟೆ ಸ್ವಿಚ್ ಹಾಕಿ 200 ಲೀಟರಿನ ಟ್ಯಾಂಕಿನಿಂದ ಸುಡುನೀರನ್ನು ನಿರೀಕ್ಷಿಸಿದರೆ ಅದು ಯಂತ್ರದ ತಪ್ಪಲ್ಲ.

ಬಳಕೆಯ ಕಡೆಯಿಂದಲೂ ಇಂಥದೇ ಲೆಕ್ಕವೊಂದಿದೆ. ಸ್ನಾನದ ಹದ ನೀರು ಸುಮಾರು 40 ಡಿಗ್ರಿ. ಟ್ಯಾಂಕಿನ ನೀರು 60 ಡಿಗ್ರಿ ಇದ್ದರೆ, 20 ಡಿಗ್ರಿಯ ತಣ್ಣೀರನ್ನು ಸಮಪಾಲು ಬೆರೆಸಿದಾಗ ಹದ ನೀರಾಗುತ್ತದೆ. 20 ಲೀಟರಿನ ಒಂದು ಬಕೆಟ್ಟಿಗೆ 10 ಲೀಟರ್ ಬಿಸಿನೀರು ಸಾಕು, 100 ಲೀಟರಿನ ಟ್ಯಾಂಕು ಹತ್ತು ಬಕೆಟ್ ಕೊಡುತ್ತದೆ. ಅದೇ ಟ್ಯಾಂಕಿನ ನೀರು 45 ಡಿಗ್ರಿಗೆ ಇಳಿದಿದ್ದರೆ ಬಕೆಟ್ಟಿಗೆ 16 ಲೀಟರ್ ಬೇಕಾಗುತ್ತದೆ, ಹತ್ತು ಬಕೆಟ್ ಎಂಬುದು ಆರಕ್ಕೆ ಕುಸಿಯುತ್ತದೆ. ನೀರು ಬಿಸಿಯಾಗಿಯೇ ಇದೆ, ಆದರೆ ಕೊನೆಯವರಿಗೆ ಸಾಲುತ್ತಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಲೆಕ್ಕವೇ. ಮನೆಗೆ ನೆಂಟರು ಬಂದಿದ್ದಾರೆಯೇ, ಬಕೆಟ್ಟಿನ ಬದಲು ಷವರ್ ಬಂದಿದೆಯೇ, ಬಟ್ಟೆ ಒಗೆಯುವ ಯಂತ್ರವನ್ನು ಬಿಸಿನೀರಿನ ಲೈನಿಗೆ ಜೋಡಿಸಿದ್ದೀರಾ ಎಂಬುದನ್ನೆಲ್ಲ ಮೊದಲು ಯೋಚಿಸಿ.

ಪರೀಕ್ಷೆಗೆ ಬೇಕಾದ ಸಾಮಗ್ರಿ ಅಲ್ಪ. 100 ಡಿಗ್ರಿಯವರೆಗೆ ತೋರಿಸುವ ಒಂದು ಅಡುಗೆ ಥರ್ಮಾಮೀಟರ್, ಲೀಟರ್ ಗುರುತುಗಳಿರುವ ಬಕೆಟ್, ಬರೆದಿಡಲು ಒಂದು ಪುಸ್ತಕ. ಜ್ವರ ನೋಡುವ ಥರ್ಮಾಮೀಟರನ್ನು ಇದಕ್ಕೆ ಬಳಸಬಾರದು. ಅದರ ಅಳತೆ 42 ಡಿಗ್ರಿಯ ಆಸುಪಾಸಿನಲ್ಲೇ ಮುಗಿಯುತ್ತದೆ, ಪಾದರಸದ್ದಾದರೆ ಒಡೆದೂ ಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಸೋಲಾರ್ ಟ್ಯಾಂಕಿನ ನೀರು 70-80 ಡಿಗ್ರಿ ಮುಟ್ಟುವುದುಂಟು, ಆದ್ದರಿಂದ ನಲ್ಲಿಯ ನೀರನ್ನು ನೇರವಾಗಿ ಕೈಯಲ್ಲಿ ಹಿಡಿದು ನೋಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ತಾರಸಿಯಲ್ಲಿ ಟ್ಯಾಂಕಿನ ವಿದ್ಯುತ್ ಭಾಗದ ಮುಚ್ಚಳವನ್ನು ಮುಟ್ಟುವ ಮೊದಲು ಕೆಳಗೆ ಎಂಸಿಬಿಯನ್ನೇ, ಅಂದರೆ ಆ ಲೈನಿನ ವಿದ್ಯುತ್ ಕಡಿಯುವ ಬ್ರೇಕರನ್ನೇ, ಇಳಿಸಬೇಕು, ಬರೀ ಸ್ವಿಚ್ ಆರಿಸಿದರೆ ಸಾಲದು. ಎಂಸಿಬಿಯ ಮೇಲೆ ‘ಕೆಲಸ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿದರೆ ಮನೆಯವರು ಯಾರೂ ಅರಿಯದೆ ಮೇಲೆತ್ತುವ ಭಯವಿರುವುದಿಲ್ಲ.

ಬಿಸಿಲನ್ನು ಮಾತ್ರ ನೆಚ್ಚಿ ನೋಡುವುದು

ಒಳ್ಳೆಯ ಬಿಸಿಲಿರುವ ಒಂದು ದಿನವನ್ನು ಆರಿಸಿಕೊಳ್ಳಿ. ಹಿಂದಿನ ರಾತ್ರಿಯೇ ಬ್ಯಾಕಪ್ಪಿನ ಎಂಸಿಬಿ ಇಳಿಸಿಬಿಡಿ. ಬೆಳಿಗ್ಗೆ ಎಲ್ಲರ ಸ್ನಾನವಾದ ಮೇಲೆ ಸಂಜೆಯವರೆಗೆ ಬಿಸಿನೀರಿನ ನಲ್ಲಿಯನ್ನು ಯಾರೂ ತೆರೆಯಬಾರದು. ಸಂಜೆ ಐದು ಗಂಟೆಗೆ ಟ್ಯಾಂಕಿಗೆ ಅತ್ಯಂತ ಹತ್ತಿರದ ನಲ್ಲಿಯನ್ನು ತೆರೆದು, ಪೈಪಿನಲ್ಲಿ ನಿಂತ ನೀರು ಹರಿದುಹೋದ ಮೇಲೆ ಬರುವ ನೀರಿನ ಬಿಸಿಯನ್ನು ಅಳೆದು ಬರೆದುಕೊಳ್ಳಿ. ಮತ್ತೆ ರಾತ್ರಿಯೆಲ್ಲ ಬಳಸದೆ, ಮರುದಿನ ಬೆಳಿಗ್ಗೆ ಆರಕ್ಕೆ ಅದೇ ನಲ್ಲಿಯಲ್ಲಿ ಅಳೆಯಿರಿ. ಈ ಎರಡು ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಸಂಜೆಯ ಅಂಕಿಯೇ ಕಡಿಮೆಯಿದ್ದರೆ ಬಿಸಿಲಿನಿಂದ ನೀರು ಕಾಯುತ್ತಿಲ್ಲ. ಸಂಜೆ 55-60 ಡಿಗ್ರಿ ಇದ್ದು ಬೆಳಿಗ್ಗೆ ಐದಾರು ಡಿಗ್ರಿ ಇಳಿದಿದ್ದರೆ ಅದು ಸಹಜ. ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಹದಿನೈದು-ಇಪ್ಪತ್ತು ಡಿಗ್ರಿ ಇಳಿದಿದ್ದರೆ ಕಾದ ನೀರು ರಾತ್ರಿಯಲ್ಲಿ ತನ್ನ ಶಾಖವನ್ನು ಎಲ್ಲಿಯೋ ಕಳೆದುಕೊಳ್ಳುತ್ತಿದೆ.

ಸಂಜೆಯ ಅಂಕಿ ಕಡಿಮೆಯಾದಾಗ ಮೊದಲು ನೋಡಬೇಕಾದದ್ದು ನೆರಳು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯ ಬಹುತೇಕ ನೆತ್ತಿಯ ಮೇಲಿದ್ದರೆ, ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲೂ ದಕ್ಷಿಣ ದಿಗಂತದಿಂದ 53-54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ ದಕ್ಷಿಣದ ಯಾವುದೇ ಗೋಡೆಯ ನೆರಳು ಅದರ ಎತ್ತರದ ಮುಕ್ಕಾಲು ಪಾಲಿನಷ್ಟು ಉತ್ತರಕ್ಕೆ ಚಾಚುತ್ತದೆ. ಪಕ್ಕದ ಸೈಟಿನಲ್ಲಿ ಒಂದು ಅಂತಸ್ತು ಹೆಚ್ಚಿಗೆ ಎದ್ದು, ನಿಮ್ಮ ಪ್ಯಾನೆಲಿಗಿಂತ ಮೂರು ಮೀಟರ್ ಮೇಲಕ್ಕೆ ಹೋಗಿದ್ದರೆ, ಮಧ್ಯಾಹ್ನ ಹನ್ನೆರಡಕ್ಕೂ ಎರಡು ಮೀಟರಿಗೆ ಮೀರಿದ ನೆರಳು ಬೀಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ಹೀಗಾಗಿ ಬೇಸಿಗೆಯಲ್ಲಿ ಸರಿಯಾಗಿದ್ದು ಚಳಿಗಾಲದಲ್ಲಿ ಮಾತ್ರ ಸೋಲುವ ಸೋಲಾರ್ ಇದ್ದರೆ, ಒಂಬತ್ತು, ಹನ್ನೆರಡು, ಮೂರು ಗಂಟೆಗೆ ತಾರಸಿಗೆ ಹೋಗಿ ಪ್ಯಾನೆಲಿನ ಒಂದೊಂದು ಫೋಟೊ ತೆಗೆದು ನೋಡಿ. ನೆರಳೇ ಕಾರಣವೆಂದಾದರೆ ಯಾವ ರಿಪೇರಿಯೂ ಪ್ರಯೋಜನವಿಲ್ಲ, ಪ್ಯಾನೆಲನ್ನು ಸ್ಥಳಾಂತರಿಸುವುದೋ ಎತ್ತರದ ಸ್ಟ್ಯಾಂಡಿಗೆ ಏರಿಸುವುದೋ ಆಗಬೇಕು. ಏರಿಸುವುದಾದರೆ ಟ್ಯಾಂಕಿಗೆ ನೀರು ಕೊಡುವ ಓವರ್‌ಹೆಡ್ ಟ್ಯಾಂಕು ಅದಕ್ಕಿಂತಲೂ ಮೇಲಿರಬೇಕೆಂಬುದನ್ನು ಮರೆಯಬಾರದು.

ನೆರಳಿಲ್ಲದಿದ್ದರೆ ಧೂಳು. ರಸ್ತೆಬದಿಯ ಮನೆಗಳಲ್ಲಿ, ಕಟ್ಟಡ ಕೆಲಸ ನಡೆಯುವ ಬಡಾವಣೆಗಳಲ್ಲಿ ಗಾಜಿನ ಮೇಲೆ ಸಿಮೆಂಟಿನ ಪುಡಿ ಇಬ್ಬನಿಯೊಂದಿಗೆ ಕೂಡಿ ಗಟ್ಟಿ ಪದರವಾಗುತ್ತದೆ. ಸೂರ್ಯ ಏರುವ ಮುಂಚೆ ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ನಡುಹಗಲಿನಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಮುಂದಿನ ಹೆಜ್ಜೆ ನಿಮ್ಮದು ಯಾವ ಬಗೆಯ ಸೋಲಾರ್ ಎಂಬುದನ್ನು ಅವಲಂಬಿಸಿದೆ. ಗಾಜಿನ ಕೊಳವೆಗಳ ಸಾಲು ಇರುವುದು ಒಂದು ಬಗೆ. ಗಾಜು ಹೊದಿಸಿದ ಚಪ್ಪಟೆ ಪೆಟ್ಟಿಗೆಯೊಳಗೆ ತಾಮ್ರದ ಕೊಳವೆಗಳಿರುವುದು ಇನ್ನೊಂದು.

ಗಾಜಿನ ಕೊಳವೆಯದಾದರೆ ಪರೀಕ್ಷೆ ಸುಲಭ. ಪ್ರತಿಯೊಂದು ಕೊಳವೆಯೂ ಒಂದರೊಳಗೊಂದು ಇರುವ ಎರಡು ಗಾಜುಗಳಿಂದಾಗಿದ್ದು, ಅವುಗಳ ನಡುವೆ ನಿರ್ವಾತವಿರುತ್ತದೆ. ಕೊಳವೆಯ ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪನ ಕಾಣುತ್ತದೆ. ಕೊಳವೆಯೊಳಗೆ ಗಾಳಿ ನುಸುಳಿದರೆ ಆ ಹೊಳಪು ಹೋಗಿ ಹಾಲಿನಂತೆ ಬೆಳ್ಳಗಾಗುತ್ತದೆ. ತುದಿಗೆ ಪ್ಲಾಸ್ಟಿಕ್ ಟೋಪಿ ಇದ್ದರೆ ತೆಗೆದು ನೋಡಬೇಕು. ಇನ್ನೊಂದು ಗುರುತೂ ಇದೆ: ಬಿಸಿಲಿನಲ್ಲಿದ್ದರೂ ಸರಿಯಾದ ಕೊಳವೆಯ ಹೊರಮೈ ತಂಪಾಗಿರುತ್ತದೆ, ನಿರ್ವಾತ ಹೋದದ್ದರ ಮೈ ಬಿಸಿಯಾಗಿರುತ್ತದೆ, ಅಂದರೆ ನೀರಿಗೆ ಸೇರಬೇಕಾದ ಶಾಖ ಹೊರಗೆ ಸೋರುತ್ತಿದೆ. ಇಂಥ ಕೊಳವೆಗಳನ್ನು ಒಂದೊಂದಾಗಿ ಬದಲಿಸಬಹುದು, ಇಡೀ ಸೋಲಾರನ್ನು ಬದಲಿಸುವ ಅಗತ್ಯವಿಲ್ಲ. ಕೊಳವೆ ಟ್ಯಾಂಕಿಗೆ ಸೇರುವ ರಬ್ಬರ್ ಉಂಗುರದ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಅಲ್ಲಿ ನಿಧಾನವಾಗಿ ನೀರು ಜಿನುಗುತ್ತಿದೆಯೆಂದು ತಿಳಿಯಬೇಕು. ಹೊಸ ಕೊಳವೆ ಹಾಕಿದ ಮೇಲೆ, ಅಥವಾ ಯಾವ ಕಾರಣಕ್ಕಾದರೂ ಟ್ಯಾಂಕು ಬರಿದಾಗಿದ್ದರೆ, ಮತ್ತೆ ನೀರು ತುಂಬುವ ಕೆಲಸವನ್ನು ಬೆಳಗಿನ ಜಾವದಲ್ಲೋ ಸಂಜೆಯ ಮೇಲೋ ಮಾಡಿ. ಬಿಸಿಲಿನಲ್ಲಿ ಬರಿದಾಗಿ ಕಾದ ಕೊಳವೆಗೆ ತಣ್ಣೀರು ತಾಗಿದರೆ ಅದು ಒಡೆಯುತ್ತದೆ.

ತಾಮ್ರದ ಕೊಳವೆಯ ಚಪ್ಪಟೆ ಪ್ಯಾನೆಲಿನಲ್ಲಿ ಪಂಪ್ ಇರುವುದಿಲ್ಲ. ಕಾದ ನೀರು ಹಗುರಾಗಿ ತಾನೇ ಮೇಲಕ್ಕೆ, ಟ್ಯಾಂಕಿನ ಕಡೆಗೆ ಹೋಗುತ್ತದೆ. ಟ್ಯಾಂಕಿನ ತಳದ ತಣ್ಣೀರು ಪ್ಯಾನೆಲಿನ ಕೆಳಬದಿಗೆ ಇಳಿಯುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನ ಪೈಪು ಬಿಸಿಯಾಗಿಯೂ ಕೆಳಗಿನ ಪೈಪು ಅದಕ್ಕಿಂತ ತಂಪಾಗಿಯೂ ಇರಬೇಕು. ಬಟ್ಟೆ ಸುತ್ತಿದ ಬೆರಳಿನ ಹಿಂಬದಿಯಿಂದ ತಟ್ಟಿ ನೋಡಿ. ಪ್ಯಾನೆಲಿನ ಮೇಲಂಚು ಸುಡುತ್ತಿದ್ದು ಟ್ಯಾಂಕಿನ ಬಳಿಯ ಪೈಪು ಮಾತ್ರ ಉಗುರುಬೆಚ್ಚಗಿದ್ದರೆ ನೀರಿನ ಸುತ್ತಾಟ ನಿಂತಿದೆ. ಅದಕ್ಕೆ ಕಾರಣ ಎರಡು: ಪೈಪಿನ ಯಾವುದೋ ಡೊಂಕಿನಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು, ಇಲ್ಲವೇ ಒಳಗೆ ಉಪ್ಪು ಕಟ್ಟಿರಬೇಕು. ಪ್ಯಾನೆಲಿನಿಂದ ಟ್ಯಾಂಕಿನವರೆಗೆ ಪೈಪು ಎಲ್ಲಿಯೂ ಜೋತುಬೀಳದೆ ಒಂದೇ ಸಮನೆ ಮೇಲೇರುತ್ತಿರಬೇಕು. ಜೋತುಬಿದ್ದಲ್ಲಿ ಗಾಳಿ ನಿಲ್ಲುತ್ತದೆ. ಗಾಜಿನ ಒಳಬದಿಯಲ್ಲಿ ಸದಾ ಹಬೆ ಕಟ್ಟಿರುವುದು ತಾಮ್ರದ ಕೊಳವೆ ಸೋರುತ್ತಿರುವುದರ ಸೂಚನೆ.

ಉಪ್ಪಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕಡೆಯ ಸೋಲಾರುಗಳ ದೊಡ್ಡ ಶತ್ರು ಅದೇ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕಾವೇರಿ ನೀರು ಬರುವ ಬಡಾವಣೆಗಳಿಗೂ ಬೋರ್‌ವೆಲ್ಲನ್ನೇ ನೆಚ್ಚಿದ ಬಡಾವಣೆಗಳಿಗೂ ಇಲ್ಲಿ ದೊಡ್ಡ ಅಂತರವಿದೆ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದ ಅಂಶ ಗಟ್ಟಿಯಾಗಿ ಕೊಳವೆಯ ಗೋಡೆಗೆ ಹತ್ತಿಕೊಳ್ಳುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ತಾಮ್ರದ ಸಣ್ಣ ಕೊಳವೆಗಳು ಇದರಿಂದ ಬೇಗನೆ ಮುಚ್ಚಿಹೋಗುತ್ತವೆ. ಅಗಲವಾದ ಗಾಜಿನ ಕೊಳವೆಗಳು ಹೆಚ್ಚು ಕಾಲ ತಾಳುತ್ತವೆ. ಬೋರ್‌ವೆಲ್ ನೀರು ಮಾತ್ರ ಇರುವ ಮನೆಗೆ ಚಪ್ಪಟೆ ಪ್ಯಾನೆಲ್ ಹಾಕಿಸುವುದು, ನೀರನ್ನು ಮೆದುಗೊಳಿಸುವ ಯಂತ್ರವಿಲ್ಲದಿದ್ದರೆ, ಸರಿಯಾದ ಆಯ್ಕೆಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಟ್ಟಿದ ಉಪ್ಪನ್ನು ಆಮ್ಲದಿಂದ ಕರಗಿಸುವುದು ಅನುಭವಿಗಳ ಕೆಲಸ. ಸಿಕ್ಕ ಟಾಯ್ಲೆಟ್ ಕ್ಲೀನರನ್ನು ಸುರಿದರೆ ಲೋಹವೂ ಕರಗುತ್ತದೆ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳು ಇದ್ದರೆ ಅದು ಟ್ಯಾಂಕಿನ ಬದಲು ತಾನು ಸವೆದು ತುಕ್ಕನ್ನು ತಡೆಯುತ್ತದೆ. ಗಡಸು ನೀರಿರುವಲ್ಲಿ ಅದನ್ನು ಒಂದೆರಡು ವರ್ಷಕ್ಕೊಮ್ಮೆ ತೆಗೆಸಿ ನೋಡಿಸಬೇಕು.

ಸಂಜೆ ಚೆನ್ನಾಗಿ ಕಾದ ನೀರು ಬೆಳಗಿನೊಳಗೆ ಆರಿಹೋಗುತ್ತಿದ್ದರೆ ದೋಷ ಬೇರೆ ಕಡೆಗಿದೆ. ಟ್ಯಾಂಕಿನ ಹೊರ ಹೊದಿಕೆಯೊಳಗೆ ಮಳೆನೀರು ಸೇರಿ ಶಾಖ ತಡೆಯುವ ಫೋಮ್ ನೆನೆದಿದ್ದರೆ ಟ್ಯಾಂಕಿನ ಹೊರಮೈ ಮುಟ್ಟಿದಾಗ ಬೆಚ್ಚಗಿರುತ್ತದೆ. ಚಪ್ಪಟೆ ಪ್ಯಾನೆಲಿನ ಏರ್ಪಾಡಿನಲ್ಲಿ ಟ್ಯಾಂಕಿನ ತಳ ಪ್ಯಾನೆಲಿನ ಮೇಲಂಚಿಗಿಂತ ಸಾಕಷ್ಟು, ಸಾಮಾನ್ಯವಾಗಿ ಒಂದು ಅಡಿಯಷ್ಟು, ಎತ್ತರದಲ್ಲಿರದಿದ್ದರೆ ರಾತ್ರಿ ಸುತ್ತಾಟ ತಿರುಗಿಬೀಳುತ್ತದೆ: ಪ್ಯಾನೆಲಿನಲ್ಲಿ ತಣ್ಣಗಾದ ನೀರು ಕೆಳಗಿನ ಪೈಪಿನ ಮೂಲಕ ಟ್ಯಾಂಕಿಗೆ ಸೇರುತ್ತ, ಬಿಸಿನೀರು ಮೇಲಿನ ಪೈಪಿನಿಂದ ಪ್ಯಾನೆಲಿಗೆ ಇಳಿದು ಆರುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಪ್ಯಾನೆಲಿನ ಮೇಲಿನ ಪೈಪನ್ನು ಮುಟ್ಟಿದಾಗ ಇನ್ನೂ ಬಿಸಿಯಿದ್ದರೆ ಇದನ್ನೇ ಅನುಮಾನಿಸಿ. ಮೂರನೆಯ ಸಾಧ್ಯತೆಯೆಂದರೆ ಬಿಸಿನೀರು ತಣ್ಣೀರಿನ ಪೈಪಿನಲ್ಲಿ ಹಿಂದಕ್ಕೆ, ಓವರ್‌ಹೆಡ್ ಟ್ಯಾಂಕಿನ ಕಡೆಗೆ ಏರುತ್ತಿರುವುದು. ಅದನ್ನು ತಡೆಯಲೆಂದೇ ತಣ್ಣೀರಿನ ಪೈಪಿನಲ್ಲಿ ನಾನ್-ರಿಟರ್ನ್ ವಾಲ್ವ್ ಇರುತ್ತದೆ. ಅದರಲ್ಲಿ ಮರಳೋ ಉಪ್ಪೋ ಸಿಕ್ಕಿ ಅರ್ಧ ತೆರೆದು ನಿಂತರೆ ಮುಂಜಾನೆ ತಣ್ಣೀರಿನ ನಲ್ಲಿಯಲ್ಲೂ ಬೆಚ್ಚನೆಯ ನೀರು ಬರುತ್ತದೆ.

ವಿದ್ಯುತ್ತನ್ನು ಮಾತ್ರ ನೆಚ್ಚಿ ನೋಡುವುದು

ಬ್ಯಾಕಪ್ಪನ್ನು ಬಿಸಿಲಿನ ಮಧ್ಯಾಹ್ನದಲ್ಲಿ ಪರೀಕ್ಷಿಸಬಾರದು. ಥರ್ಮೋಸ್ಟಾಟನ್ನು 60 ಡಿಗ್ರಿಗೆ ಹೊಂದಿಸಿದ್ದು ಬಿಸಿಲಿನಿಂದ ನೀರು ಆಗಲೇ 60 ದಾಟಿದ್ದರೆ, ಸ್ವಿಚ್ ಹಾಕಿದರೂ ಕಾಯಿಲಿಗೆ ವಿದ್ಯುತ್ ಹರಿಯುವುದಿಲ್ಲ, ದೀಪ ಹೊತ್ತುವುದಿಲ್ಲ. ಅದು ಸರಿಯಾದ ನಡವಳಿಕೆ, ಆದರೆ ಇದನ್ನು ತಿಳಿಯದೆ ಒಳ್ಳೆಯ ಕಾಯಿಲನ್ನು ಬದಲಿಸಿದ ಮನೆಗಳಿವೆ. ಮೋಡದ ದಿನದ ಮರುದಿನ ಬೆಳಗಿನ ಜಾವವೇ ಇದಕ್ಕೆ ತಕ್ಕ ಹೊತ್ತು. ಕಾಯಲಾಗದಿದ್ದರೆ ಪ್ಯಾನೆಲಿನ ಮೇಲೆ ಸೂರ್ಯೋದಯಕ್ಕೆ ಮುಂಚೆ ಟಾರ್ಪಾಲು ಹೊದಿಸಿ, ಬಳಕೆಯಿಂದ ಟ್ಯಾಂಕು ತಣ್ಣಗಾದ ಮೇಲೆ ಪರೀಕ್ಷಿಸಿ.

ಸ್ವಿಚ್ ಹಾಕಿದೊಡನೆ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಬಿದ್ದುಹೋದರೆ ಕಾಯಿಲಿನಿಂದ ನೀರಿಗೋ ಟ್ಯಾಂಕಿನ ಮೈಗೋ ವಿದ್ಯುತ್ ಸೋರುತ್ತಿದೆ. ಮನೆಗಳಲ್ಲಿ ಇದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದ್ದು, ಮತ್ತು ಸ್ನಾನ ಮಾಡುತ್ತಿರುವವರ ಜೀವ ಉಳಿಸುವ ಸಾಧನ ಅದು. ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ತಂತಿ ಎಳೆಸುವುದು ಪ್ರಾಣಾಪಾಯದ ಕೆಲಸ. ಯಾರೇ ಹಾಗೆ ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ. ಕಾಯಿಲ್ ಬದಲಾಗುವವರೆಗೆ ಬ್ಯಾಕಪ್ ಆರಿಸಿಯೇ ಇರಲಿ. ಆರ್‌ಸಿಸಿಬಿ ನಿಂತು ಎಂಸಿಬಿ ಮಾತ್ರ ಬೀಳುತ್ತಿದ್ದರೆ ಶಾರ್ಟ್ ಆಗಿರಬಹುದು, ಅಥವಾ ಎಂಸಿಬಿಯೇ ಸಣ್ಣದಿರಬಹುದು. 2 ಕಿಲೋವ್ಯಾಟಿನ ಕಾಯಿಲ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್, 3 ಕಿಲೋವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಎರಡಕ್ಕೂ 16 ಆಂಪಿಯರಿನ ಸಂಪರ್ಕವೂ ಅದಕ್ಕೆ ತಕ್ಕ ದಪ್ಪದ ತಂತಿಯೂ ಬೇಕು. ಸಾಕೆಟ್ ಕಪ್ಪಾಗಿದ್ದರೆ, ಪ್ಲಗ್ ಬಿಸಿಯಾಗುತ್ತಿದ್ದರೆ ದೋಷ ಅಲ್ಲೇ ಇದೆ.

ಏನೂ ಬೀಳದೆ, ದೀಪವೂ ಹೊತ್ತಿ, ನೀರು ಮಾತ್ರ ಕಾಯದಿದ್ದರೆ ಮೀಟರಿನ ನೆರವು ಪಡೆಯಿರಿ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವೊಂದಿದ್ದು, ಒಂದು ಯೂನಿಟ್ಟಿಗೆ ಅದು ಎಷ್ಟು ಬಾರಿ ಮಿನುಗುತ್ತದೆಂಬುದನ್ನು ಪಕ್ಕದಲ್ಲೇ ಮುದ್ರಿಸಿರುತ್ತಾರೆ. ಫ್ರಿಜ್ ಸೇರಿ ಮನೆಯ ಉಳಿದೆಲ್ಲವನ್ನೂ ಐದು ನಿಮಿಷ ಆರಿಸಿ, ಬ್ಯಾಕಪ್ ಒಂದನ್ನೇ ಹಾಕಿ, ಒಂದು ನಿಮಿಷದಲ್ಲಿ ಎಷ್ಟು ಮಿನುಗು ಎಂದು ಎಣಿಸಿ. ಯೂನಿಟ್ಟಿಗೆ 1,600 ಎಂದು ಮುದ್ರಿಸಿದ್ದರೆ 2 ಕಿಲೋವ್ಯಾಟಿನ ಕಾಯಿಲಿಗೆ ನಿಮಿಷಕ್ಕೆ ಸುಮಾರು 53 ಮಿನುಗು ಬರಬೇಕು, 3,200 ಎಂದಿದ್ದರೆ ಅದರ ಎರಡರಷ್ಟು. ಮಿನುಗೇ ಇಲ್ಲದಿದ್ದರೆ ಕಾಯಿಲ್ ತುಂಡಾಗಿದೆ, ಅಥವಾ ಥರ್ಮೋಸ್ಟಾಟ್ ಕೆಟ್ಟಿದೆ, ಅಥವಾ ಅತಿಯಾಗಿ ಕಾದಾಗ ಸಂಪರ್ಕ ಕಡಿಯುವ ಸುರಕ್ಷಾ ಗುಂಡಿ ಹಾರಿ ನಿಂತಿದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಲ್ಲಿ ಅಳೆದಾಗ ಸರಿಯಾದ 2 ಕಿಲೋವ್ಯಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸುತ್ತದೆ.

ಮಿನುಗು ಸರಿಯಾಗಿ ಶುರುವಾಗಿ ಕೆಲವೇ ನಿಮಿಷಗಳಲ್ಲಿ ನಿಂತುಹೋದರೆ ಕಾಯಿಲಿನ ಮೇಲೆ ಉಪ್ಪು ದಪ್ಪವಾಗಿ ಕಟ್ಟಿರುವ ಸಾಧ್ಯತೆ ಹೆಚ್ಚು. ಉಪ್ಪು ಕಟ್ಟಿದ ಕಾಯಿಲ್ ಕಡಿಮೆ ವಿದ್ಯುತ್ ಎಳೆಯುವುದಿಲ್ಲ. ತನ್ನ ಶಾಖವನ್ನು ನೀರಿಗೆ ದಾಟಿಸಲಾರದೆ ತಾನೇ ಅತಿಯಾಗಿ ಕಾಯುತ್ತದೆ, ಬಳಿಯಲ್ಲಿರುವ ಥರ್ಮೋಸ್ಟಾಟ್ ನೀರು ಕಾದಿದೆಯೆಂದು ಎಣಿಸಿ ಸಂಪರ್ಕ ಕಡಿಯುತ್ತದೆ. ಮಿನುಗು ಒಂದು ಗಂಟೆ ಪೂರ್ತಿ ನಡೆದರೆ ಮೊದಲಿನ ಲೆಕ್ಕದಂತೆ 100 ಲೀಟರ್ ನೀರು ಸುಮಾರು 17 ಡಿಗ್ರಿ, 200 ಲೀಟರ್ ಸುಮಾರು 8-9 ಡಿಗ್ರಿ ಏರಬೇಕು. ಅಳೆದಾಗ ಇದಕ್ಕಿಂತ ಹೆಚ್ಚು ಕಂಡರೆ ಅಚ್ಚರಿಪಡಬೇಕಿಲ್ಲ: ಕಾಯಿಲ್ ತನಗಿಂತ ಮೇಲಿರುವ ನೀರನ್ನಷ್ಟೇ ಕಾಯಿಸುತ್ತದೆ, ಕೆಳಗಿನದು ತಣ್ಣಗೇ ಉಳಿಯುತ್ತದೆ. ಮೊದಲ ಎರಡು ಬಕೆಟ್ ಸುಡುನೀರು ಬಂದು ಆಮೇಲೆ ಒಮ್ಮೆಲೇ ತಣ್ಣೀರಾಗುವುದಕ್ಕೆ ಕಾರಣ ಇದೇ.

ಎರಡೂ ಸರಿಯಾಗಿದ್ದರೆ ಪೈಪುಗಳು

ಈ ಟ್ಯಾಂಕುಗಳಲ್ಲಿ ತಣ್ಣೀರು ತಳದಿಂದ ಸೇರಿ ಮೇಲಿನ ಬಿಸಿನೀರನ್ನು ಹೊರಕ್ಕೆ ತಳ್ಳುತ್ತದೆ. ಓವರ್‌ಹೆಡ್ ಟ್ಯಾಂಕು ಬರಿದಾಗಿದ್ದರೆ, ಗೇಟ್‌ವಾಲ್ವ್ ಯಾರೋ ಮುಚ್ಚಿದ್ದರೆ, ಸೋಲಾರ್ ಟ್ಯಾಂಕಿನಲ್ಲಿ ಎಷ್ಟು ಬಿಸಿನೀರಿದ್ದರೂ ನಲ್ಲಿಗೆ ಇಳಿಯುವುದಿಲ್ಲ. ನಲ್ಲಿ ಗುರುಗುಟ್ಟುತ್ತ ಗಾಳಿ ಕಾರಿ ಸಣ್ಣಗೆ ಹರಿದರೆ ಏರ್ ಲಾಕ್ ಆಗಿದೆ. ಮಿಕ್ಸರ್ ನಲ್ಲಿಯ ಎರಡೂ ಹಿಡಿಗಳನ್ನು ತೆರೆದು, ಮೂತಿಯನ್ನು ಬಟ್ಟೆಯಿಂದ ಕೆಲವು ಸೆಕೆಂಡು ಒತ್ತಿ ಹಿಡಿದರೆ ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ಏರಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ.

ಇದೇ ಉಪಾಯ, ನಾವು ಬಯಸದಿದ್ದಾಗ ತಾನಾಗಿ ನಡೆದರೆ, ಅತ್ಯಂತ ದಿಕ್ಕುತಪ್ಪಿಸುವ ದೋಷವಾಗುತ್ತದೆ. ಎಲ್ಲಿಯೋ ಒಂದು ಮಿಕ್ಸರಿನ ಒಳಭಾಗ ಸವೆದಿದ್ದರೆ, ಅಥವಾ ಎರಡೂ ಹಿಡಿಗಳನ್ನು ತೆರೆದಿಟ್ಟು ಮುಂದಿನ ಷವರನ್ನು ಮಾತ್ರ ಮುಚ್ಚಿದ್ದರೆ, ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಮನೆಯ ಎಲ್ಲ ನಲ್ಲಿಗಳಲ್ಲೂ ಉಗುರುಬೆಚ್ಚಗಿನ ನೀರು ಬರುವಂತೆ ಮಾಡುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿಸಿದ ಮನೆಗಳಲ್ಲಿ ಇದು ಇನ್ನೂ ತೀವ್ರ. ಟ್ಯಾಂಕಿನ ಗಾಳಿ, ಆವಿ ಹೊರಹೋಗಲು ತಾರಸಿಯಲ್ಲಿ ಬಿಟ್ಟಿರುವ ಏರ್ ವೆಂಟ್ ಪೈಪಿನಿಂದ ನೀರು ಸುರಿಯತೊಡಗಿದರೆ ಮೊದಲು ಇದನ್ನೇ ಶಂಕಿಸಬೇಕು. ಖಚಿತಪಡಿಸಿಕೊಳ್ಳಲು ಒಳ್ಳೆಯ ದಾರಿಯೊಂದಿದೆ. ಸೋಲಾರ್ ಟ್ಯಾಂಕಿಗೆ ಹೋಗುವ ತಣ್ಣೀರಿನ ಗೇಟ್‌ವಾಲ್ವ್ ಮುಚ್ಚಿ, ಕೆಳಗೆ ಒಂದು ಬಿಸಿನೀರಿನ ನಲ್ಲಿಯನ್ನು ತೆರೆಯಿರಿ. ತಳ್ಳುವ ನೀರಿಲ್ಲದ ಕಾರಣ ಸ್ವಲ್ಪ ಹೊತ್ತಿನಲ್ಲಿ ಅದು ನಿಂತುಹೋಗಬೇಕು. ನಿಲ್ಲದೆ ತಣ್ಣೀರು ಹರಿಯುತ್ತಲೇ ಇದ್ದರೆ ಎಲ್ಲಿಯೋ ಬೆರಕೆಯಾಗುತ್ತಿದೆ. ಒಂದೊಂದೇ ಬಚ್ಚಲಿನ ಮಿಕ್ಸರಿಗೆ ಹೋಗುವ ವಾಲ್ವುಗಳನ್ನು ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ಹರಿವು ನಿಲ್ಲುತ್ತದೆಯೋ ಆ ಮಿಕ್ಸರೇ ಕಾರಣ. ಪರೀಕ್ಷೆ ಮುಗಿದೊಡನೆ ಗೇಟ್‌ವಾಲ್ವ್ ತೆರೆಯಲು ಮರೆಯದಿರಿ, ಅದು ಮುಚ್ಚಿರುವಾಗ ಬ್ಯಾಕಪ್ ಹಾಕಬೇಡಿ.

ನಲ್ಲಿ ತೆರೆದ ಮೇಲೆ ಬಿಸಿನೀರು ಬರಲು ತಡವಾಗುವುದು ಮಾತ್ರವೇ ದೂರಾಗಿದ್ದರೆ ಪೈಪಿನ ಉದ್ದ ನೋಡಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ, 20 ಮೀಟರಿಗೆ 5 ಲೀಟರ್. ಅಷ್ಟು ತಣ್ಣೀರು ಹರಿದುಹೋಗುವುದು ಸಹಜ. ಅರ್ಧ ಬಕೆಟ್ಟಿಗೂ ಮೀರಿದರೆ ಪೈಪಿನ ಶಾಖ ತಡೆಯುವ ಹೊದಿಕೆ ಹರಿದಿದೆಯೇ ನೋಡಿಸಬೇಕು.

ಬ್ಯಾಕಪ್ಪನ್ನು ಎಂದು ಹಾಕಬೇಕು

ದುರಸ್ತಿಯಾದ ಮೇಲೆ ಎರಡು ಮೂಲಗಳು ಒಂದರ ಕೆಲಸವನ್ನೊಂದು ಕೆಡಿಸದಂತೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ. ರಾತ್ರಿಯೇ ಬ್ಯಾಕಪ್ ಹಾಕಿ ಟ್ಯಾಂಕನ್ನು ಪೂರ್ತಿ ಕಾಯಿಸಿಟ್ಟರೆ ಬೆಳಗಿನ ಬಿಸಿಲಿಗೆ ಕಾಯಿಸಲು ತಣ್ಣೀರೇ ಉಳಿದಿರುವುದಿಲ್ಲ. 200 ಲೀಟರನ್ನು ದಿನವೂ ವಿದ್ಯುತ್ತಿನಿಂದಲೇ ಕಾಯಿಸಿದರೆ ತಿಂಗಳಿಗೆ ಸುಮಾರು 240 ಯೂನಿಟ್ ಖರ್ಚಾಗುತ್ತದೆ. ಸಂಜೆ ಒಮ್ಮೆ ನೀರಿನ ಬಿಸಿ ನೋಡಿ, 45 ಡಿಗ್ರಿಗಿಂತ ಕಡಿಮೆಯಿದ್ದರೆ ಮಾತ್ರ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಟೈಮರಿನಿಂದ ಹೊತ್ತುವಂತೆ ಮಾಡುವುದು ಉತ್ತಮ. ಹೊಸದಾಗಿ ಏರ್ಪಾಡು ಮಾಡಿಸುವವರಿಗೆ ನಾನು ಟ್ಯಾಂಕಿನೊಳಗಿನ ಕಾಯಿಲಿಗಿಂತ ಬಚ್ಚಲಿನಲ್ಲೇ 15 ಅಥವಾ 25 ಲೀಟರಿನ ಗೀಸರನ್ನು ಸೂಚಿಸುತ್ತೇನೆ: ಬೇಕಾದಷ್ಟನ್ನೇ ಕಾಯಿಸುತ್ತದೆ, ದೋಷ ಬಂದಾಗ ಒಂದು ಸ್ವಿಚ್ಚಿನಿಂದ ಎರಡು ಮೂಲಗಳೂ ಬೇರೆಯಾಗುತ್ತವೆ. ಸೋಲಾರ್ ನೀರನ್ನೇ ಗೀಸರಿಗೆ ಕೊಡುವುದಾದರೆ ಅಷ್ಟು ಬಿಸಿಯ ನೀರನ್ನು ಆ ಗೀಸರ್ ತಾಳುತ್ತದೆಯೇ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಮಲೆನಾಡು, ಕರಾವಳಿಯ ಅನೇಕ ಮನೆಗಳಲ್ಲಿ ಎರಡನೆಯ ಮೂಲ ಸೌದೆ. ಸೋಲಾರ್ ನೀರನ್ನು ಬಚ್ಚಲೊಲೆಯ ತೆರೆದ ಹಂಡೆಗೆ ತುಂಬಿಕೊಂಡರೆ ಅಪಾಯವೇನೂ ಇಲ್ಲ. ಆದರೆ ಒಲೆಯೊಳಗೆ ತಾಮ್ರದ ಸುರುಳಿ ಕೂರಿಸಿ ಅದನ್ನು ಸೋಲಾರ್ ಟ್ಯಾಂಕಿಗೆ ಜೋಡಿಸಿದ್ದರೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಬೆಂಕಿಯನ್ನು ಸ್ವಿಚ್ಚಿನಂತೆ ಆರಿಸಲಾಗದು. ಏರ್ ವೆಂಟ್ ಪೈಪಿಗೂ, ಸುರುಳಿಯಿಂದ ಟ್ಯಾಂಕಿಗೆ ಹೋಗುವ ಪೈಪಿಗೂ ಎಂದಿಗೂ ವಾಲ್ವ್ ಹಾಕಿಸಬಾರದು. ಆವಿಗೆ ಹೊರಹೋಗಲು ದಾರಿಯಿರಲೇಬೇಕು. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿದೆಯೆಂದು ನೋಡದೆ ಒಲೆ ಹಚ್ಚಬಾರದು. ಸುರುಳಿ ಬರಿದಾಗಿ ಕಾದಿದ್ದರೆ ಸೌದೆಯನ್ನು ಹೊರಗೆಳೆದು, ತಾನಾಗಿ ಆರುವವರೆಗೆ ಕಾಯಬೇಕು, ನೀರು ಬಿಡಬಾರದು.

ಇಷ್ಟಾದ ಮೇಲೂ ಮೆಕ್ಯಾನಿಕ್ ಬೇಕಾದರೆ, ಸಂಜೆಯ ಮತ್ತು ಬೆಳಗಿನ ಅಂಕಿಗಳು, ಮೀಟರಿನ ಮಿನುಗಿನ ಲೆಕ್ಕ, ಗೇಟ್‌ವಾಲ್ವ್ ಮುಚ್ಚಿದಾಗ ಕಂಡದ್ದು, ಟ್ಯಾಂಕಿನ ಲೀಟರ್ ಮತ್ತು ಹಾಕಿಸಿದ ವರ್ಷ, ಇವನ್ನು ಫೋನಿನಲ್ಲೇ ಹೇಳಿ. ಅವರು ಬೇಕಾದ ಬಿಡಿಭಾಗವನ್ನು ತಂದೇ ಬರುತ್ತಾರೆ. ಕಾಯಿಲ್, ಥರ್ಮೋಸ್ಟಾಟ್, ಗಾಜಿನ ಕೊಳವೆ, ನಾನ್-ರಿಟರ್ನ್ ವಾಲ್ವ್ ಇವೆಲ್ಲ ಬದಲಿಸಲು ತಕ್ಕವು. ಒಳಟ್ಯಾಂಕೇ ತುಕ್ಕು ಹಿಡಿದು ಸೋರುತ್ತಿದ್ದರೆ ವೆಲ್ಡಿಂಗ್ ಮಾಡಿಸುವುದು ಹಣ ಹಾಳು, ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ತೂತಾಗುತ್ತದೆ. ಆಗ ಟ್ಯಾಂಕನ್ನು ಮಾತ್ರ ಬದಲಿಸಿ, ಸರಿಯಿರುವ ಪ್ಯಾನೆಲನ್ನೂ ಸ್ಟ್ಯಾಂಡನ್ನೂ ಉಳಿಸಿಕೊಳ್ಳಲು ಸಾಧ್ಯವೇ ಎಂದು ಮೊದಲು ವಿಚಾರಿಸಿ.